ಕಳೆದ ಪರ್ಸು, ಕದ್ದ ಕಾರ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪರ್ಸು ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿರುವವರು, ಪರ್ಸು ಜೇಬಿನಲ್ಲಿಯೇ ಇದ್ದರೂ ಖಾತೆಯಿಂದ ಹಣ ಹೋದವರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಮಾಡಲಾಗಿದೆ. ವಿಷಯದ ಸ್ವರೂಪವನ್ನು ನೋಡಿ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಮಾನ್ಯರೇ, ಪರ್ಸು ಕಾಣದಾದಾಗ ಮನೆಯಲ್ಲಿಯೇ ಎಲ್ಲಿಯೋ ಇಟ್ಟಿರಬೇಕೆಂದು ಸಂಜೆಯವರೆಗೂ ಹುಡುಕಿದೆ. ಕಾರ್ಡನ್ನು ಬ್ಲಾಕ್ ಮಾಡಿಸಿದ ಮೇಲೆ ಪರ್ಸು ಸಿಕ್ಕಿಬಿಟ್ಟರೆ, ಹೊಸ ಕಾರ್ಡು ಬರುವವರೆಗೆ ಪರದಾಡಬೇಕಲ್ಲ ಎಂಬ ಹಿಂಜರಿಕೆ. ಎಷ್ಟು ಹೊತ್ತು ಹುಡುಕಿ ಆಮೇಲೆ ಬ್ಯಾಂಕಿಗೆ ತಿಳಿಸುವುದು ಸರಿ?

ಉತ್ತರ: ಹುಡುಕುವ ಮುನ್ನವೇ ಕಾರ್ಡನ್ನು ನಿಲ್ಲಿಸಿ, ಆಮೇಲೆ ನಿಧಾನವಾಗಿ ಹುಡುಕಿ. ನಿಮ್ಮ ಹಿಂಜರಿಕೆಗೆ ಈಗ ಹೆಚ್ಚು ಕಾರಣವಿಲ್ಲ. ಏಕೆಂದರೆ ಅನೇಕ ಬ್ಯಾಂಕುಗಳ ಮೊಬೈಲ್ ಆ್ಯಪ್‌ಗಳಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡುವ ಸೌಲಭ್ಯವಿದೆ. ಪರ್ಸು ಹಾಸಿಗೆಯ ಕೆಳಗೆ ಸಿಕ್ಕರೆ ಅದೇ ಆ್ಯಪ್‌ನಲ್ಲಿ ಲಾಕ್ ತೆಗೆದರೆ ಸಾಕು, ಹೊಸ ಕಾರ್ಡಿನ ಪ್ರಶ್ನೆಯೇ ಬರುವುದಿಲ್ಲ. ಆದರೆ ಈ ಲಾಕನ್ನೇ ನಂಬಿಕೊಂಡು ದಿನಗಟ್ಟಲೆ ಸುಮ್ಮನಿರಬಾರದು. ಮೊದಲೇ ಒಪ್ಪಿಗೆ ಕೊಟ್ಟಿರುವ ಮಾಸಿಕ ಪಾವತಿಗಳಂಥ ಕೆಲವು ವಹಿವಾಟುಗಳು ತಾತ್ಕಾಲಿಕ ಲಾಕ್ ಇದ್ದರೂ ನಡೆಯಬಹುದು. ಮೇಲಾಗಿ, ಕಾರ್ಡು ಕಳೆದಿದೆ ಎಂದು ನೀವು ಬ್ಯಾಂಕಿಗೆ ಕೊಡಬೇಕಾದ ಅಧಿಕೃತ ಸೂಚನೆಯ ಸ್ಥಾನವನ್ನು ಆ ಲಾಕ್ ತುಂಬುವುದಿಲ್ಲ. ಪರ್ಸು ಹೊರಗೆಲ್ಲೋ ಹೋಗಿದೆ ಎಂದು ಅನ್ನಿಸಿದ ಕ್ಷಣದಲ್ಲಿಯೇ ಶಾಶ್ವತವಾಗಿ ಬ್ಲಾಕ್ ಮಾಡಿಸಬೇಕು.

ಸೂಚನೆಯ ಸಮಯಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಗ್ರಾಹಕರ ಹೊಣೆಯನ್ನು ನಿರ್ಧರಿಸುವ ನಿಯಮಗಳು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ನಡೆದ ಅನಧಿಕೃತ ವಹಿವಾಟಿನ ಹೊರೆ ಗ್ರಾಹಕರ ಮೇಲೆ ಬೀಳಬಾರದು ಎಂಬ ತತ್ವ ಬಹುತೇಕ ಎಲ್ಲ ಕಡೆಯೂ ಇದೆ. ತಿಳಿಸಲು ತಡಮಾಡಿದಷ್ಟೂ ಗ್ರಾಹಕರ ಪಾಲು ಹೆಚ್ಚುತ್ತದೆ. ಆದ್ದರಿಂದ ಕರೆ ಮಾಡಿದಾಗ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ, ಕರೆಯ ಸಮಯವನ್ನೂ ಗುರುತು ಹಾಕಿಕೊಳ್ಳಿ, ಸಾಧ್ಯವಾದರೆ ಅದೇ ವಿಷಯವನ್ನು ಇಮೇಲ್ ಮೂಲಕವೂ ತಿಳಿಸಿ. ಬಾಯಿಮಾತಿನ ದೂರನ್ನು ನಂತರ ಸಾಬೀತುಪಡಿಸುವುದು ಕಷ್ಟ.

ಪರ್ಸಿನಲ್ಲಿ ಹಲವು ಕಾರ್ಡುಗಳಿದ್ದರೆ ಡೆಬಿಟ್ ಕಾರ್ಡನ್ನು ಮೊದಲು ನಿಲ್ಲಿಸಿ. ಕ್ರೆಡಿಟ್ ಕಾರ್ಡಿನಲ್ಲಿ ಕಳ್ಳ ಖರ್ಚು ಮಾಡುವುದು ಬ್ಯಾಂಕಿನ ಹಣವನ್ನು. ಬಿಲ್ಲು ಕಟ್ಟುವ ಮುನ್ನ ತಕರಾರು ಸಲ್ಲಿಸಲು ನಿಮಗೆ ಅವಕಾಶವಿರುತ್ತದೆ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಿಮ್ಮ ಖಾತೆಯ ಹಣ. ತಕರಾರು ನಿಮ್ಮ ಪರವಾಗಿಯೇ ತೀರ್ಮಾನವಾದರೂ, ಅಲ್ಲಿಯವರೆಗೆ ಬಾಡಿಗೆ ಕಟ್ಟಲು, ಔಷಧ ತರಲು ಹಣವಿರುವುದಿಲ್ಲ.

ಪ್ರಶ್ನೆ: ಗ್ರಾಹಕ ಸೇವೆಯ ಸಂಖ್ಯೆ ಕಾರ್ಡಿನ ಹಿಂದೆಯೇ ಇತ್ತು, ಆ ಕಾರ್ಡೇ ಹೋಗಿದೆ. ಅಂತರಜಾಲದಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡಬಹುದೇ?

ಉತ್ತರ: ಮಾಡಬೇಡಿ. ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಸಂಖ್ಯೆಗಳನ್ನು ಹರಿಯಬಿಟ್ಟು, ಗಾಬರಿಯಲ್ಲಿರುವವರ ಕರೆಗಾಗಿಯೇ ಕಾದು ಕುಳಿತಿರುವ ವಂಚಕರಿದ್ದಾರೆ. ಬ್ಯಾಂಕಿನ ಅಧಿಕೃತ ಆ್ಯಪ್, ಪಾಸ್‌ಬುಕ್ ಅಥವಾ ಹಳೆಯ ಸ್ಟೇಟ್‌ಮೆಂಟಿನಲ್ಲಿರುವ ಸಂಖ್ಯೆಯನ್ನು ಮಾತ್ರ ಬಳಸಿ. ಇದನ್ನು ಓದುತ್ತಿರುವ ಉಳಿದವರು ಇಂದೇ ಆ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಮನೆಯಲ್ಲಿಡಲಿ, ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಉಳಿಸಲಿ. ಯಾವ ಬ್ಯಾಂಕಿನ ಯಾವ ಕಾರ್ಡು ಪರ್ಸಿನಲ್ಲಿದೆ ಎಂಬ ಪಟ್ಟಿಯೂ ಆ ಕಾಗದದಲ್ಲಿ ಇರಲಿ. ಆದರೆ ಪೂರ್ತಿ ಕಾರ್ಡು ಸಂಖ್ಯೆ ಬೇಡ, ಕೊನೆಯ ನಾಲ್ಕು ಅಂಕಿಗಳು ಸಾಕು.

ಪ್ರಶ್ನೆ: ನನಗೆ ಪಿನ್ ನೆನಪಿರುವುದಿಲ್ಲ. ಚೀಟಿಯಲ್ಲಿ ಬರೆದಿಡುವುದು ತಪ್ಪೆಂದು ಗೊತ್ತು. ಅದಕ್ಕಾಗಿ ಹುಟ್ಟಿದ ದಿನ ಮತ್ತು ತಿಂಗಳನ್ನೇ ಪಿನ್ ಆಗಿ ಇಟ್ಟುಕೊಂಡಿದ್ದೇನೆ. ಮೂರು ಸಲ ತಪ್ಪಾದರೆ ಕಾರ್ಡೇ ನಿಂತುಹೋಗುತ್ತದೆಯಾದ್ದರಿಂದ ಕಳ್ಳನಿಗೆ ಊಹಿಸಲು ಸಾಧ್ಯವೇ? (ನಿವೃತ್ತ ಶಿಕ್ಷಕಿ)

ಉತ್ತರ: ತಾವು ಕೇಳಿದ ಪ್ರಶ್ನೆಯನ್ನೇ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಕೇಳಿಕೊಂಡು 2012ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ನಾಲ್ಕು ಅಂಕಿಗಳಿಂದ 10,000 ಪಿನ್‌ಗಳು ಸಾಧ್ಯ. ಎಲ್ಲರೂ ಮನಸ್ಸಿಗೆ ಬಂದ ಅಂಕಿಗಳನ್ನು ಯಾವ ಅರ್ಥವೂ ಇಲ್ಲದೆ ಆರಿಸಿಕೊಂಡಿದ್ದರೆ, ಮೂರು ಪ್ರಯತ್ನಗಳಲ್ಲಿ ಕಳ್ಳ ಗೆಲ್ಲುವ ಸಾಧ್ಯತೆ ಇಲ್ಲವೆಂದೇ ಹೇಳಬಹುದಿತ್ತು. ಆದರೆ ಜನ ಹಾಗೆ ಆರಿಸುವುದಿಲ್ಲ. ಹಲವರು ದಿನಾಂಕಗಳನ್ನು ಇಟ್ಟುಕೊಳ್ಳುತ್ತಾರೆ, ಅದರಲ್ಲಿಯೂ ತಮ್ಮ ಹುಟ್ಟಿದ ದಿನವನ್ನು. ಪರ್ಸಿನಲ್ಲಿ ಜನ್ಮದಿನಾಂಕವಿರುವ ಗುರುತಿನ ಚೀಟಿಯೂ ಸಿಕ್ಕರೆ, ಜಾಣ ಕಳ್ಳನೊಬ್ಬ ಸುಮಾರು 11ರಿಂದ 18 ಪರ್ಸುಗಳಿಗೆ ಒಂದರಂತೆ ಪಿನ್ ಊಹಿಸಿ ಹಣ ತೆಗೆಯಬಲ್ಲ ಎಂಬುದು ಆ ಸಂಶೋಧಕರ ಲೆಕ್ಕಾಚಾರ.

ಪಿನ್ ಬರೆದ ಚೀಟಿ ತಮ್ಮ ಪರ್ಸಿನಲ್ಲಿ ಇಲ್ಲ, ನಿಜ. ಆದರೆ ಗುರುತಿನ ಚೀಟಿಯ ಮೇಲೆ ಅದು ಅಚ್ಚಾಗಿಯೇ ಇದೆ. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಮೊಳೆಗೆ ತೂಗುಹಾಕಿದಂತಾಯಿತು. ಜನ್ಮದಿನ, ಮಕ್ಕಳ ಜನ್ಮವರ್ಷ, ಫೋನ್ ಸಂಖ್ಯೆಯ ತುದಿ, ವಾಹನದ ಸಂಖ್ಯೆ, 1234, ಒಂದೇ ಅಂಕಿಯ ಪುನರಾವರ್ತನೆ, ಇವೆಲ್ಲವನ್ನೂ ಬಿಡಿ. ತಮಗೆ ಬಾಯಿಪಾಠವಾಗಿರುವ ಯಾವುದಾದರೂ ಪದ್ಯದ ಮೊದಲ ನಾಲ್ಕು ಪದಗಳ ಅಕ್ಷರಗಳನ್ನು ಎಣಿಸಿ ಬರುವ ಅಂಕಿಗಳನ್ನು ಜೋಡಿಸಿಕೊಂಡರೆ, ಮರೆತಾಗ ಮತ್ತೆ ಎಣಿಸಿ ಪಡೆಯಬಹುದು. ತಮ್ಮ ಯಾವ ಕಾಗದದಲ್ಲಿಯೂ ಅದು ಇರುವುದಿಲ್ಲ. ಹಾಗೆ ಬಂದ ಸಂಖ್ಯೆ 2222ರಂತೆ ಇದ್ದರೆ ಪದ್ಯವನ್ನು ಬದಲಿಸಿ, ಅಷ್ಟೆ. ಫೋನಿನ ಸಂಪರ್ಕಪಟ್ಟಿಯಲ್ಲಿ ಸುಳ್ಳು ಹೆಸರಿನಡಿ ಪಿನ್ ಅಡಗಿಸಿಡುವ ಉಪಾಯವನ್ನೂ ಕೆಲವರು ಬರೆದಿದ್ದಾರೆ. ಅದು ಕಳ್ಳರಿಗೆ ಎಂದೋ ಗೊತ್ತಾಗಿರುವ ಉಪಾಯ.

ಪ್ರಶ್ನೆ: ಪರ್ಸಿನಲ್ಲಿ ಏನಿರಬೇಕು, ಏನಿರಬಾರದು?

ಉತ್ತರ: ಬಿಡಿಬಿಡಿಯಾಗಿ ನೋಡಿದರೆ ಪರ್ಸಿನಲ್ಲಿರುವ ಯಾವ ವಸ್ತುವೂ ಅಷ್ಟೊಂದು ಅಪಾಯಕಾರಿಯಲ್ಲ. ಹೆಸರು, ವಿಳಾಸ, ಜನ್ಮದಿನಾಂಕ, ಸಹಿ, ಕಾರ್ಡಿನ ಸಂಖ್ಯೆ, ಫೋನ್ ಸಂಖ್ಯೆ ಎಲ್ಲವೂ ಒಂದೇ ಕೈಗೆ ಒಂದೇ ಸಲ ಸಿಗುವುದೇ ಅಪಾಯ. ಬ್ಯಾಂಕಿಗೆ ಕರೆ ಮಾಡಿ ನಿಮ್ಮ ಸೋಗು ಹಾಕಲು, ನಿಮ್ಮ ಹೆಸರಿನಲ್ಲಿ ಹೊಸ ಸಾಲಕ್ಕೆ ಅರ್ಜಿ ಸಲ್ಲಿಸಲು ಬೇಕಾಗುವುದು ಇಂಥ ಮಾಹಿತಿಯ ಕಂತೆಯೇ. ಕಾರ್ಡನ್ನು ಬ್ಲಾಕ್ ಮಾಡಿಸಬಹುದು, ಜನ್ಮದಿನಾಂಕವನ್ನು ಬ್ಲಾಕ್ ಮಾಡಿಸಲಾಗದು. ಆದ್ದರಿಂದ ಈ ಕಂತೆಯನ್ನು ಬಿಡಿಸುವುದೇ ಕೆಲಸ. ದಿನಬಳಕೆಗೆ ಒಂದು ಕಾರ್ಡು, ಅಂದಿಗೆ ಬೇಕಾದ ಗುರುತಿನ ಚೀಟಿ, ಸ್ವಲ್ಪ ನಗದು ಸಾಕು. ಎರಡನೆಯ ಕಾರ್ಡು ಮನೆಯಲ್ಲಿರಲಿ. ಪ್ರಯಾಣದಲ್ಲಿ ಅದನ್ನು ಬೇರೆ ಚೀಲದಲ್ಲಿಟ್ಟುಕೊಳ್ಳಿ. ಪರ್ಸು ಹೋದ ದಿನ ನಿಮ್ಮನ್ನು ಕಾಪಾಡುವುದು ಆ ಎರಡನೆಯ ಕಾರ್ಡೇ. ಸಹಿ ಹಾಕಿದ ಖಾಲಿ ಚೆಕ್ಕು, ಗುರುತಿನ ಚೀಟಿಗಳ ನಕಲು ಪ್ರತಿಗಳ ಮಡಿಕೆ, ಬಳಸದೆ ವರ್ಷಗಳಾದ ಕಾರ್ಡುಗಳು, ಮನೆಯ ಬೀಗದ ಕೈ, ಇವುಗಳನ್ನು ಇಂದೇ ತೆಗೆದಿಡಿ. ವಿಳಾಸವಿರುವ ಪರ್ಸಿನಲ್ಲಿ ಮನೆಯ ಬೀಗದ ಕೈ ಇಡುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಪಿನ್ ಗೊತ್ತಿಲ್ಲದ ಕಳ್ಳನಿಗೆ ನನ್ನ ಕಾರ್ಡಿನಿಂದ ಏನು ಪ್ರಯೋಜನ? ಚಿಪ್ ಇರುವ ಕಾರ್ಡನ್ನು ನಕಲು ಮಾಡಲಾಗದು ಎನ್ನುತ್ತಾರೆ.

ಉತ್ತರ: ಚಿಪ್‌ನ ವಿಷಯದಲ್ಲಿ ನಿಮ್ಮ ಮಾತು ಬಹುಮಟ್ಟಿಗೆ ಸರಿ. ಆದರೆ ನಿಮ್ಮ ಕೈಯಲ್ಲಿರುವ ಒಂದು ಕಾರ್ಡಿನಲ್ಲಿ ಮೂರು ನಾಲ್ಕು ತಲೆಮಾರುಗಳ ತಂತ್ರಜ್ಞಾನ ಒಟ್ಟಿಗೆ ವಾಸಿಸುತ್ತಿದೆ. ಕಳ್ಳ ಹುಡುಕುವುದು ಅದರಲ್ಲಿ ಅತ್ಯಂತ ಹಳೆಯದನ್ನು. ಹಿಂಬದಿಯ ಕಪ್ಪು ಅಥವಾ ಕಂದು ಬಣ್ಣದ ಮ್ಯಾಗ್ನೆಟಿಕ್ ಪಟ್ಟಿ 1960ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡದ್ದು. ಅದರಲ್ಲಿರುವ ಮಾಹಿತಿ ಎಂದೂ ಬದಲಾಗುವುದಿಲ್ಲ. ಒಮ್ಮೆ ಓದಿಕೊಂಡರೆ ಇನ್ನೊಂದು ಪ್ಲಾಸ್ಟಿಕ್ ತುಂಡಿನ ಮೇಲೆ ಹಾಗೆಯೇ ಬರೆಯಬಹುದು. ಎಟಿಎಂ ಯಂತ್ರದ ಕಾರ್ಡು ತೂರಿಸುವ ಬಾಯಿಗೆ ಕಳ್ಳಸಾಧನ ಅಂಟಿಸಿ, ಮೇಲೊಂದು ಪುಟ್ಟ ಕ್ಯಾಮೆರಾ ಇಟ್ಟು ನಡೆಸುವ ಸ್ಕಿಮ್ಮಿಂಗ್ ಎಂಬ ವಂಚನೆ ನಿಂತಿರುವುದು ಈ ದೌರ್ಬಲ್ಯದ ಮೇಲೆ. ಯುರೋಪೇ, ಮಾಸ್ಟರ್‌ಕಾರ್ಡ್, ವೀಸಾ ಸಂಸ್ಥೆಗಳು 1990ರ ದಶಕದಲ್ಲಿ ಸೇರಿ ರೂಪಿಸಿದ, ಅವುಗಳ ಮೊದಲಕ್ಷರಗಳಿಂದಲೇ ಇಎಂವಿ ಎಂದು ಕರೆಯಲಾಗುವ ಚಿಪ್ ವ್ಯವಸ್ಥೆ ಹಾಗಲ್ಲ. ಪ್ರತಿ ವಹಿವಾಟಿಗೂ ಚಿಪ್ ತನ್ನೊಳಗಿನ ಗುಪ್ತ ಕೀಲಿಯನ್ನು ಬಳಸಿ ಹೊಸದೊಂದು ಸಂಕೇತವನ್ನು ತಯಾರಿಸುತ್ತದೆ, ಆ ಸಂಕೇತ ಇನ್ನೊಂದು ವಹಿವಾಟಿಗೆ ಉಪಯೋಗಕ್ಕೆ ಬಾರದು.

ಹಾಗಾದರೆ ಹಳೆಯ ಪಟ್ಟಿ ಇನ್ನೂ ಏಕಿದೆ ಎಂದರೆ, ಅದನ್ನೇ ಓದುವ ಹಳೆಯ ಯಂತ್ರಗಳು ಇನ್ನೂ ಇರುವುದರಿಂದ. ಈ ಪಟ್ಟಿಯನ್ನು ಹಂತಹಂತವಾಗಿ ಕೈಬಿಟ್ಟು 2033ರ ಹೊತ್ತಿಗೆ ತನ್ನ ಕಾರ್ಡುಗಳಲ್ಲಿ ಅದು ಇಲ್ಲದಂತೆ ಮಾಡುವುದಾಗಿ ಮಾಸ್ಟರ್‌ಕಾರ್ಡ್ 2021ರಲ್ಲಿ ಘೋಷಿಸಿದೆ. ಅಲ್ಲಿಯವರೆಗೆ, ಚಿಪ್ ಇರುವ ಕಾರ್ಡನ್ನು ಅಂಗಡಿಯವರು ಪಟ್ಟಿಯ ಮೂಲಕ ಉಜ್ಜಲು ಹೊರಟರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಪಿನ್ ಬೇಡದ ಇನ್ನೆರಡು ದಾರಿಗಳಿವೆ. ತಾಗಿಸಿ ಪಾವತಿಸುವ ಕಾರ್ಡಿನಲ್ಲಿ ಒಂದು ಮಿತಿಯೊಳಗಿನ ಮೊತ್ತಕ್ಕೆ ಪಿನ್ ಕೇಳದಿರಬಹುದು. ಅಂತರಜಾಲದ ಕೆಲವು ಮಾರಾಟಗಾರರು ಕಾರ್ಡಿನ ಸಂಖ್ಯೆ, ಮುಗಿಯುವ ದಿನಾಂಕ ಮತ್ತು ಸಿವಿವಿ ಅಂಕಿಗಳಷ್ಟನ್ನೇ ಕೇಳಿ ಹಣ ಪಡೆಯುತ್ತಾರೆ, ಒಟಿಪಿ ಕೇಳುವುದಿಲ್ಲ. ಈ ಮೂರೂ ಕಾರ್ಡಿನ ಮೇಲೆಯೇ ಅಚ್ಚಾಗಿರುತ್ತವೆ. ಆ್ಯಪ್‌ನಲ್ಲಿ ಅಂತರಜಾಲ ಪಾವತಿ, ವಿದೇಶಿ ಪಾವತಿ, ತಾಗಿಸುವ ಪಾವತಿ ಇವುಗಳನ್ನು ಬೇರೆ ಬೇರೆಯಾಗಿ ನಿಲ್ಲಿಸುವ, ದಿನದ ಮಿತಿಯನ್ನು ತಗ್ಗಿಸುವ ಸೌಲಭ್ಯವನ್ನು ಹಲವು ಬ್ಯಾಂಕುಗಳು ಕೊಟ್ಟಿವೆ. ಅದನ್ನು ಬಳಸುವವರು ಕಡಿಮೆ ಎಂದೇ ನಮ್ಮ ಅನಿಸಿಕೆ. ಪತ್ರ ಬರೆದವರಲ್ಲಿ ಒಬ್ಬರೂ ಅದರ ಪ್ರಸ್ತಾಪ ಮಾಡಿಲ್ಲ. ವರ್ಷಕ್ಕೊಮ್ಮೆಯೂ ಬೇಕಾಗದ ವಿದೇಶಿ ಪಾವತಿಯನ್ನು ವರ್ಷವಿಡೀ ತೆರೆದಿಡುವುದರಲ್ಲಿ ಏನು ಲಾಭ?

ಪ್ರಶ್ನೆ: ಪಕ್ಕದಲ್ಲಿ ಹಾದುಹೋಗುವವರು ಜೇಬಿನಲ್ಲಿರುವ ಕಾರ್ಡಿನಿಂದಲೇ ಹಣ ಎಳೆದುಕೊಳ್ಳುತ್ತಾರಂತೆ. ಅದನ್ನು ತಡೆಯುವ ವಿಶೇಷ ಪರ್ಸುಗಳು ಮಾರಾಟಕ್ಕಿವೆ. ಕೊಳ್ಳಬೇಕೇ?

ಉತ್ತರ: ನಮ್ಮ ಅಭಿಪ್ರಾಯದಲ್ಲಿ ಅಗತ್ಯವಿಲ್ಲ. ತಾಗಿಸುವ ಕಾರ್ಡು ಕೆಲಸ ಮಾಡುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಅದು ಕೊಡುವ ಸಂಕೇತ ಒಂದೇ ವಹಿವಾಟಿಗೆ ಸೀಮಿತ. ಕಾರ್ಡಿನ ಹಿಂದೆ ಅಚ್ಚಾಗಿರುವ ಸಿವಿವಿ ಆ ರೇಡಿಯೋ ಸಂವಾದದಲ್ಲಿ ಹೊರಗೆ ಹೋಗುವುದಿಲ್ಲ. ಹಣ ಎಳೆಯಬೇಕಾದರೆ ಕಳ್ಳನ ಬಳಿ ನೋಂದಾಯಿತ ಪಾವತಿ ಯಂತ್ರವೂ ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆಯೂ ಇರಬೇಕು, ಅಂದರೆ ಅವನು ತನ್ನ ವಿಳಾಸವನ್ನು ತಾನೇ ಬರೆದುಕೊಟ್ಟಂತೆ. ಸಂಖ್ಯೆಯನ್ನು ಓದಿಕೊಳ್ಳುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಆದರೆ ಅದೇ ಸಂಖ್ಯೆಯನ್ನು ಮೋಸದ ಸಂದೇಶವೊಂದರಿಂದ ಮನೆಯಲ್ಲಿ ಕುಳಿತೇ ಪಡೆಯಬಹುದಾದಾಗ, ಗುಂಪಿನಲ್ಲಿ ಒಬ್ಬೊಬ್ಬರ ಜೇಬಿಗೆ ಯಂತ್ರ ಹಿಡಿದು ತಿರುಗುವ ಶ್ರಮವನ್ನು ಕಳ್ಳ ಏಕೆ ಪಡುತ್ತಾನೆ? ಪರ್ಸು ಹಿಂಜೇಬಿನಲ್ಲಿ ಅರ್ಧ ಹೊರಗೆ ಇಣುಕುತ್ತಿದ್ದರೆ ಯಾವ ವಿಶೇಷ ಪರ್ಸೂ ಜೇಬುಗಳ್ಳನನ್ನು ತಡೆಯದು.

ಪ್ರಶ್ನೆ: ಕಾರ್ಡುಗಳನ್ನು ಮೊಬೈಲ್ ಫೋನಿನ ಕವಚದ ಹಿಂದೆಯೇ ಇಟ್ಟುಕೊಳ್ಳುತ್ತೇನೆ. ಪರ್ಸಿನ ರಗಳೆಯೇ ಬೇಡ ಎಂಬ ಆಲೋಚನೆ ಸರಿಯೇ?

ಉತ್ತರ: ಅನುಕೂಲ ನಿಜ, ಆದರೆ ಪರ್ಸಿಗಿಂತ ಇದು ಹೆಚ್ಚು ಅಪಾಯದ ಜೋಡಿ. ಕಾರ್ಡು ಒಬ್ಬರ ಕೈ ಸೇರಿದರೂ ಒಟಿಪಿ ಬರುವ ಫೋನ್ ನಿಮ್ಮ ಬಳಿ ಇರುತ್ತದೆ ಎಂಬ ನಂಬಿಕೆಯ ಮೇಲೆ ಒಟಿಪಿಯ ರಕ್ಷಣೆ ನಿಂತಿದೆ. ನೀವು ಎರಡನ್ನೂ ಒಟ್ಟಿಗೆ ಕಟ್ಟಿಟ್ಟಿದ್ದೀರಿ. ಫೋನಿಗೆ ಲಾಕ್ ಇದೆಯಲ್ಲ ಎನ್ನಬಹುದು. ಆದರೆ ಅನೇಕ ಫೋನುಗಳಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಬಂದ ಸಂದೇಶದ ಮೊದಲ ಸಾಲುಗಳು ಲಾಕ್ ಆದ ಪರದೆಯ ಮೇಲೆಯೇ ಕಾಣುತ್ತವೆ, ಒಟಿಪಿಯೂ ಆ ಸಾಲುಗಳಲ್ಲಿಯೇ ಇರುತ್ತದೆ. ಹಾಗೆ ಕಾಣದಂತೆ ಮಾಡಿದರೂ, ಸಿಮ್ಮನ್ನು ಕಳಚಿ ಬೇರೆ ಫೋನಿಗೆ ಹಾಕಿದರೆ ಸಂದೇಶಗಳು ಅಲ್ಲಿಗೆ ಹೋಗುತ್ತವೆ. ಇದನ್ನು ತಡೆಯಲು ಸಿಮ್ ಪಿನ್ ಎಂಬ ಬೇರೆಯದೇ ವ್ಯವಸ್ಥೆ ಫೋನಿನ ಭದ್ರತಾ ಸೆಟ್ಟಿಂಗ್‌ಗಳಲ್ಲಿದೆ. ಫೋನನ್ನು ಆರಿಸಿ ಹಚ್ಚಿದಾಗ ಅಥವಾ ಸಿಮ್ಮನ್ನು ಬೇರೆಡೆ ಹಾಕಿದಾಗ ಆ ಸಂಖ್ಯೆಯನ್ನು ಕೊಡದೆ ಸಿಮ್ ಕೆಲಸ ಮಾಡದು. ಮೂರು ಸಲ ತಪ್ಪಾಗಿ ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ, ಬಿಡಿಸಲು ದೂರವಾಣಿ ಕಂಪನಿ ಕೊಡುವ ಪಿಯುಕೆ ಸಂಖ್ಯೆ ಬೇಕಾಗುತ್ತದೆ. ಆದ್ದರಿಂದ ಈ ವ್ಯವಸ್ಥೆಯನ್ನು ಆರಂಭಿಸುವ ಮುನ್ನ ಕಂಪನಿ ಮೊದಲೇ ಇಟ್ಟಿರುವ ಪಿನ್ ಯಾವುದೆಂದು ತಿಳಿದುಕೊಳ್ಳಿ, ಅಂದಾಜಿನಲ್ಲಿ ಒತ್ತಬೇಡಿ.

ಫೋನ್ ಮತ್ತು ಕಾರ್ಡು ಎರಡೂ ಒಟ್ಟಿಗೆ ಹೋದ ದಿನ ಬ್ಯಾಂಕಿನ ಜೊತೆಗೆ ದೂರವಾಣಿ ಕಂಪನಿಗೂ ಕರೆ ಮಾಡಿ ಸಿಮ್ ನಿಲ್ಲಿಸಬೇಕು. ಅದನ್ನು ಹಲವರು ಮರುದಿನಕ್ಕೆ ಬಿಡುತ್ತಾರೆ.

ಪ್ರಶ್ನೆ: ಪರ್ಸು ಕಳುವಾದ ಸ್ವಲ್ಪ ಹೊತ್ತಿನಲ್ಲಿಯೇ ಬ್ಯಾಂಕಿನಿಂದ ಎಂದು ಕರೆ ಬಂತು. ನನ್ನ ಹೆಸರು, ಕಾರ್ಡಿನ ಸಂಖ್ಯೆ ಎಲ್ಲವನ್ನೂ ಸರಿಯಾಗಿ ಹೇಳಿ, ಕಾರ್ಡು ರದ್ದುಗೊಳಿಸಲು ಪಿನ್ ಒತ್ತಿ ಎಂದರು. ನಾನು ಕೊಡಲಿಲ್ಲ. ಬ್ಯಾಂಕಿನವರೇ ಆಗಿದ್ದರೆ?

ಉತ್ತರ: ಬ್ಯಾಂಕಿನವರಲ್ಲ. ನೀವು ಮಾಡಿದ್ದು ಸರಿ. ಹೆಸರು ಮತ್ತು ಕಾರ್ಡಿನ ಸಂಖ್ಯೆಯನ್ನು ಆ ವ್ಯಕ್ತಿ ಓದಿ ಹೇಳಿದ್ದು, ಬಹುಶಃ, ನಿಮ್ಮದೇ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು; ಫೋನ್ ಸಂಖ್ಯೆಯೂ ಪರ್ಸಿನಲ್ಲಿದ್ದ ಯಾವುದೋ ಕಾಗದದಲ್ಲಿ ಸಿಕ್ಕಿರಬೇಕು. ಕಾರ್ಡನ್ನು ನಿಲ್ಲಿಸಲು ಯಾವ ಬ್ಯಾಂಕಿಗೂ ನಿಮ್ಮ ಪಿನ್ ಬೇಕಾಗುವುದಿಲ್ಲ. ಪರ್ಸು ಕಳೆದುಕೊಂಡವರು ಬ್ಯಾಂಕಿನ ಕರೆಯನ್ನೇ ಎದುರು ನೋಡುತ್ತಿರುವುದರಿಂದ ಈ ಹೂಟ ಫಲಿಸುತ್ತದೆ. ಇಂಥ ಕರೆ ಬಂದರೆ ಕತ್ತರಿಸಿ, ನಿಮ್ಮ ಬಳಿ ಇರುವ ಅಧಿಕೃತ ಸಂಖ್ಯೆಗೆ ನೀವೇ ಕರೆ ಮಾಡಿ, ಸಾಧ್ಯವಿದ್ದರೆ ಬೇರೊಂದು ಫೋನಿನಿಂದ.

ಪ್ರಶ್ನೆ: ಕಾರ್ಡು ನನ್ನ ಬಳಿಯೇ ಇದೆ. ಆದರೂ ನಾನು ಮಾಡದ ಒಂದು ಅತಿ ಸಣ್ಣ ಮೊತ್ತದ ಖರ್ಚು ಸ್ಟೇಟ್‌ಮೆಂಟಿನಲ್ಲಿದೆ. ಇಷ್ಟು ಚಿಲ್ಲರೆ ಮೊತ್ತಕ್ಕೆ ದೂರು ಕೊಡಬೇಕೇ?

ಉತ್ತರ: ಕೊಡಬೇಕು. ಕದ್ದ ಕಾರ್ಡು ಸಂಖ್ಯೆ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಲು ವಂಚಕರು ಮೊದಲು ಸಣ್ಣ ಮೊತ್ತವನ್ನು ಎಳೆದು ನೋಡುವುದುಂಟು. ದೊಡ್ಡ ಮೊತ್ತ ಆಮೇಲೆ ಬರುತ್ತದೆ. ಹಾಗೆಂದು ಅವಸರ ಪಡುವ ಮುನ್ನ ಒಂದು ವಿಷಯ ನೋಡಿಕೊಳ್ಳಿ: ಅಂಗಡಿಯ ಫಲಕದ ಹೆಸರೇ ಬೇರೆ, ಬಿಲ್ಲಿನಲ್ಲಿ ಬರುವ ಕಂಪನಿಯ ಹೆಸರೇ ಬೇರೆ ಇರಬಹುದು. ಮನೆಯವರನ್ನೂ ಕೇಳಿ. ಯಾರದ್ದೂ ಅಲ್ಲವೆಂದು ಖಚಿತವಾದರೆ ಆ ಸಂಖ್ಯೆಯ ಕಾರ್ಡನ್ನೇ ಬದಲಿಸಿಕೊಳ್ಳಿ. ಪ್ರತಿ ವಹಿವಾಟಿಗೂ ಸಂದೇಶ ಬರುವಂತೆ ಮಾಡಿಕೊಂಡರೆ ಸ್ಟೇಟ್‌ಮೆಂಟಿಗಾಗಿ ತಿಂಗಳು ಕಾಯುವ ಅಗತ್ಯವಿರುವುದಿಲ್ಲ.

ಪ್ರಶ್ನೆ: ಪರ್ಸಿನಲ್ಲಿ ನನ್ನ ವಿವರ ಬರೆದಿಟ್ಟರೆ ಸಿಕ್ಕವರು ತಂದುಕೊಡಬಹುದು ಎಂದು ಮನೆಯವರು ಹೇಳುತ್ತಾರೆ. ನೀವೋ ವಿವರಗಳನ್ನು ಇಡಬೇಡಿ ಎನ್ನುತ್ತೀರಿ. ಹಾಗೆ ಮರಳಿ ಸಿಕ್ಕರೆ ಕಾರ್ಡನ್ನು ಮತ್ತೆ ಬಳಸಬಹುದೇ?

ಉತ್ತರ: ನಿಮ್ಮ ಮನೆಯವರ ಮಾತಿಗೆ ಗಟ್ಟಿ ಆಧಾರವಿದೆ. 40 ದೇಶಗಳ 355 ನಗರಗಳಲ್ಲಿ ಕಳೆದುಹೋದವೆಂದು ಹೇಳಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಹೋಟೆಲು, ಕಚೇರಿಗಳ ಮುಂಗಟ್ಟೆಯಲ್ಲಿ ಒಪ್ಪಿಸಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಣವಿಲ್ಲದ ಪರ್ಸುಗಳಲ್ಲಿ ಸುಮಾರು ಶೇ 40ರಷ್ಟರ ವಿಷಯದಲ್ಲಿ ಮಾಲೀಕರನ್ನು ಸಂಪರ್ಕಿಸುವ ಪ್ರಯತ್ನ ನಡೆದರೆ, ಹಣವಿದ್ದ ಪರ್ಸುಗಳಲ್ಲಿ ಅದು ಸುಮಾರು ಶೇ 51ಕ್ಕೆ ಏರಿತು. ಹಣವಿದ್ದಷ್ಟೂ ಜನ ಇಟ್ಟುಕೊಳ್ಳುತ್ತಾರೆ ಎಂಬ ನಮ್ಮ ಸಾಮಾನ್ಯ ಎಣಿಕೆ ತಲೆಕೆಳಗಾದದ್ದು ಒಂದು ಸಂತೋಷ. ಆದರೆ ಆ ಎಲ್ಲ ಪರ್ಸುಗಳಲ್ಲಿ ಮಾಲೀಕರ ಹೆಸರು ಮತ್ತು ಇಮೇಲ್ ವಿಳಾಸ ಎದ್ದು ಕಾಣುವಂತೆ ಇತ್ತು ಎಂಬುದನ್ನು ಮರೆಯಬಾರದು. ಆದ್ದರಿಂದ ಹೆಸರು ಮತ್ತು ಒಂದು ಇಮೇಲ್ ವಿಳಾಸವಿರುವ ಚೀಟಿ ಇಡಿ. ಅದು ಬ್ಯಾಂಕಿಗೆ ಕೊಟ್ಟಿರುವ ವಿಳಾಸ ಆಗಿರದಿರಲಿ. ಮನೆಯ ವಿಳಾಸ ಬೇಡ. ಫೋನ್ ಸಂಖ್ಯೆ ಕೊಡುವುದಾದರೆ ಒಟಿಪಿ ಬರುವ ಸಂಖ್ಯೆಯನ್ನು ಬಿಟ್ಟು ಮನೆಯ ಬೇರೊಬ್ಬರದ್ದನ್ನು, ಅವರ ಒಪ್ಪಿಗೆ ಪಡೆದು, ಕೊಡಿ.

ಮರಳಿ ಸಿಕ್ಕ ಕಾರ್ಡನ್ನು ಮಾತ್ರ ಬಳಸಬೇಡಿ. ಅದು ಎಷ್ಟು ಕೈಗಳನ್ನು ದಾಟಿತೋ ಗೊತ್ತಿಲ್ಲ. ಎರಡೂ ಬದಿಯ ಚಿತ್ರ ತೆಗೆದುಕೊಳ್ಳಲು ಕೆಲವು ಕ್ಷಣ ಸಾಕು. ಬ್ಲಾಕ್ ಮಾಡಿಸಿರದಿದ್ದರೆ ಈಗಲಾದರೂ ಮಾಡಿಸಿ ಬೇರೆ ಸಂಖ್ಯೆಯ ಕಾರ್ಡನ್ನು ಪಡೆಯಿರಿ. ಹಳೆಯದನ್ನು ಬಿಸಾಡುವಾಗ ಚಿಪ್‌ನ ನಡುವೆಯೂ ಹಿಂಬದಿಯ ಪಟ್ಟಿಯ ಮೇಲೆಯೂ ಹಾಯುವಂತೆ ಕತ್ತರಿಸಿ, ತುಂಡುಗಳನ್ನು ಎರಡು ಬೇರೆ ದಿನಗಳ ಕಸಕ್ಕೆ ಹಾಕಿ. ಹಳೆಯ ಸಂಖ್ಯೆಗೆ ಜೋಡಿಸಿದ್ದ ವಿಮೆ, ವಿದ್ಯುತ್ತು, ದೂರವಾಣಿ ಮುಂತಾದ ಮಾಸಿಕ ಪಾವತಿಗಳ ಪಟ್ಟಿ ಮಾಡಿ ಹೊಸ ಸಂಖ್ಯೆಗೆ ವರ್ಗಾಯಿಸಿಕೊಳ್ಳಿ. ಕೆಲವು ಮಾರಾಟಗಾರರಿಗೆ ಹೊಸ ಸಂಖ್ಯೆ ಬ್ಯಾಂಕಿನ ವ್ಯವಸ್ಥೆಯ ಮೂಲಕ ತಾನಾಗಿಯೇ ತಲುಪುವುದುಂಟು, ಆದರೆ ಎಲ್ಲರಿಗೂ ಅಲ್ಲ. ಹಾಗೆ ತಲುಪಿದವರ ಪೈಕಿ ನೀವು ಎಂದೂ ಒಪ್ಪಿಗೆ ಕೊಡದ ಹೆಸರೇನಾದರೂ ಇದೆಯೇ ಎಂಬುದನ್ನು ಹೊಸ ಕಾರ್ಡಿನ ಮೊದಲ ಎರಡು ಸ್ಟೇಟ್‌ಮೆಂಟುಗಳಲ್ಲಿ ಸಾಲುಸಾಲಾಗಿ ನೋಡಿ.